ದುಬಾರೆಯ ಹೊಳೆಯೂ ಎಚ್ಚರಿಕೆಯ ಶಾಸ್ತ್ರವೂ

ಕುಶಾಲನಗರಕ್ಕೆ ದಕ್ಷಿಣದಲ್ಲಿ, ನಂಜರಾಯಪಟ್ಟಣದ ಬಳಿ, ಕಾವೇರಿಯ ದಡದಲ್ಲಿರುವ ದುಬಾರೆಯು ಆನೆಗಳ ಶಿಬಿರದಿಂದ ಪ್ರಸಿದ್ಧವಾದ ಸ್ಥಳ. ಬೇಸಗೆಯಲ್ಲಿ ಬಂಡೆಗಳ ನಡುವೆ ತೆಳುವಾಗಿ ಹರಿಯುವ ಹೊಳೆ ಮುಂಗಾರಿನಲ್ಲಿ ತುಂಬಿದಾಗ ದೋಣಿಗಳ ಸಂಚಾರ ನಿಂತು, ಶಿಬಿರವು ಈಚೆಯ ದಡದಿಂದ ಬೇರ್ಪಡುತ್ತದೆ. ವಿಪತ್ತು ನಿರ್ವಹಣೆಯ ತಂತ್ರವಿದ್ಯೆಯು ಮನುಷ್ಯವರ್ತನೆಯ ಶಾಸ್ತ್ರದಿಂದ ಏನನ್ನು ಕಲಿಯಬೇಕೆಂಬ ಪ್ರಶ್ನೆಯನ್ನು ಇಲ್ಲಿ ನಿಂತು ಕೇಳುವುದು ಉಚಿತವಾಗಿದೆ.

ಈ ಶಾಸ್ತ್ರವು ಪಶ್ಚಿಮದಿಂದ ಸಿದ್ಧವಾಗಿ ಬಂದ ಪದಾರ್ಥವೆಂದು ನಮ್ಮಲ್ಲಿ ಅನೇಕರ ಭಾವನೆ. ಸಂಗತಿ ಹಾಗಿಲ್ಲ. 1934ರ ಜನವರಿ 15ರಂದು ಬಿಹಾರದಲ್ಲಿ ಮಹಾಭೂಕಂಪವಾಯಿತು. ನೆಲದ ನಡುಕವನ್ನು ಅನುಭವಿಸಿಯೂ ಹಾನಿಗೆ ಒಳಗಾಗದ ಪ್ರದೇಶದಲ್ಲಿ ಹಬ್ಬಿದ ವದಂತಿಗಳನ್ನು ಜಮುನಾ ಪ್ರಸಾದರು ಸಂಗ್ರಹಿಸಿ 1935ರಲ್ಲಿ ಪ್ರಕಟಿಸಿದರು. ಅವು ಸಮಾಧಾನದ ಸುದ್ದಿಗಳಾಗಿರಲಿಲ್ಲ. ಇನ್ನೂ ಘೋರವಾದುದು ಬರಲಿದೆಯೆಂದೇ ಬಹುಮಟ್ಟಿಗೆ ಸಾರುತ್ತಿದ್ದುವು. 1950ರಲ್ಲಿ ಡಾರ್ಜಿಲಿಂಗಿನಲ್ಲಿ ಗುಡ್ಡಗಳು ಕುಸಿದಾಗ ದುರ್ಗಾನಂದ ಸಿನ್ಹಾ ಅವರು ಇಂಥದೇ ಸಂಗ್ರಹವನ್ನು ಮಾಡಿ 1952ರಲ್ಲಿ ಪ್ರಕಟಿಸಿದರು. ನಾಶವನ್ನು ಕಣ್ಣಾರೆ ಕಂಡ ಆ ಜನರಲ್ಲಿ ಅಂಥ ಭವಿಷ್ಯವಾಣಿಗಳು ಹಬ್ಬಿರಲಿಲ್ಲ. ಈ ವ್ಯತ್ಯಾಸವನ್ನು ಅಮೆರಿಕದ ಲಿಯಾನ್ ಫೆಸ್ಟಿಂಜರ್ 1957ರ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಬಳಸಿಕೊಂಡರು: ಎದುರಿಗೆ ಕಾರಣ ಕಾಣದ ಭಯವು ತನಗೆ ತಕ್ಕ ಕಾರಣವನ್ನು ಕಲ್ಪಿಸಿಕೊಳ್ಳುತ್ತದೆ. ಸಿದ್ಧಾಂತ ಅವರದು, ಸಾಮಗ್ರಿ ನಮ್ಮದು. ನಮ್ಮ ತರಗತಿಗಳಲ್ಲಿ ಫೆಸ್ಟಿಂಜರರ ಹೆಸರು ಕೇಳಿಬರುವಷ್ಟು ಈ ಇಬ್ಬರ ಹೆಸರು ಕೇಳಿಬರುವುದಿಲ್ಲವೆಂಬುದು ಖೇದದ ಸಂಗತಿ.

ಕರ್ನಾಟಕದಲ್ಲಿ 1988ರಲ್ಲಿ ಬರವನ್ನು ಗಮನಿಸಲು ಸ್ಥಾಪಿತವಾದ ಘಟಕವೇ ಮುಂದೆ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆಯಿತು. ಅದರ ಸ್ವಯಂಚಾಲಿತ ಮಳೆಮಾಪಕಗಳು ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿವೆ. ಆದರೆ ಅಳತೆಯು ಎಚ್ಚರಿಕೆಯಾಗುವುದಕ್ಕೂ, ಎಚ್ಚರಿಕೆಯು ಹೆಜ್ಜೆಯಾಗುವುದಕ್ಕೂ ನಡುವೆ ದೊಡ್ಡ ಅಂತರವುಂಟು.

ಕೊಡಗಿನ ಎರಡು ವರ್ಷಗಳನ್ನು ನೋಡೋಣ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಮಾದಾಪುರ, ಜೋಡುಪಾಲದ ಸುತ್ತ ಗುಡ್ಡಗಳು ಜರಿದುವು. ಕುಶಾಲನಗರದ ತಗ್ಗು ಬಡಾವಣೆಗಳಲ್ಲಿ ನೀರು ನಿಂತಿತು. ಆಗ ಎಲ್ಲರ ಕಣ್ಣೂ ಹಾರಂಗಿ ಜಲಾಶಯದ ಮೇಲಿತ್ತು. ಆದರೆ ಹಾರಂಗಿಯು ಕಾವೇರಿಯನ್ನು ಸೇರುವುದು ಕೂಡಿಗೆಯಲ್ಲಿ, ಅಂದರೆ ದುಬಾರೆಯ ಕೆಳಗೆ. ಅಣೆಕಟ್ಟೆಯಿಂದ ನೀರು ಬಿಡುವ ಸೂಚನೆ ದುಬಾರೆಯವನಿಗೆ ಏನನ್ನೂ ಹೇಳುವುದಿಲ್ಲ. ಅವನಿಗೆ ಬೇಕಾದುದು ಭಾಗಮಂಡಲದ ಮಳೆಯ ಸುದ್ದಿ. 2019ರ ಆಗಸ್ಟಿನಲ್ಲಿ ಕಾವೇರಿಯೇ ಉಕ್ಕಿ, ದುಬಾರೆಗಿಂತ ಮೇಲಿರುವ ಕರಡಿಗೋಡು, ನೆಲ್ಯಹುದಿಕೇರಿಗಳ ದಡದ ಮನೆಗಳನ್ನು ಹಾಳುಮಾಡಿತು.

ದಡದಲ್ಲಿ ಮನೆ ಕಟ್ಟಿದವರನ್ನು ಅಜ್ಞರೆನ್ನುವುದು ಸುಲಭ. ಗಿಲ್ಬರ್ಟ್ ವೈಟ್ ಎಂಬ ಭೂಗೋಳಶಾಸ್ತ್ರಜ್ಞರು ಪ್ರವಾಹಕ್ಕೆ ಮನುಷ್ಯನು ಹೊಂದಿಕೊಳ್ಳುವ ಬಗೆಯನ್ನು ಕುರಿತ ತಮ್ಮ 1945ರ ಪ್ರಬಂಧದಲ್ಲಿ, ಕಟ್ಟೆಗಳೊಂದನ್ನೇ ನೆಚ್ಚದೆ ಜನರು ನೆಲವನ್ನು ಬಳಸುವ ರೀತಿಯನ್ನೂ ವಿಚಾರಿಸಬೇಕೆಂದು ವಾದಿಸಿದರು. ಬೇರೆ ನೆಲವಿಲ್ಲದ ತೋಟದ ಕೂಲಿಗಾರನಿಗೆ ಕೆಲಸದ ಹತ್ತಿರ ಸಿಕ್ಕುವುದು ಹೊಳೆಯ ದಂಡೆಯೇ. ಮನೆ ಬಿಟ್ಟು ಹೊರಟರೆ ಆ ಜಾಗಕ್ಕೆ ಮತ್ತೆ ಬರಲು ಬಿಟ್ಟಾರೆಯೆ ಎಂಬ ಶಂಕೆಯಿರುವವನು ಎಷ್ಟೇ ಸ್ಪಷ್ಟವಾದ ಸೂಚನೆಯನ್ನು ಕೇಳಿಯೂ ತಡೆಯುತ್ತಾನೆ. ಆ ತಡವನ್ನು ಯಾವ ಮಳೆಮಾಪಕವೂ ಅಳೆಯದು.

ದುಬಾರೆಯಲ್ಲಿ ಒಂದೇ ಸೂಚನೆಯನ್ನು ಇಬ್ಬರು ಕೇಳುತ್ತಾರೆ. ವರ್ಷವಿಡೀ ಹೊಳೆಯೊಡನೆ ಬಾಳುವ ಮಾವುತ, ಕಾವಾಡಿಗಳ ಕುಟುಂಬದವನೊಬ್ಬ. ಬಿಸಿಲಿದ್ದಾಗಿನ ನೀರನ್ನು ಚಿತ್ರದಲ್ಲಿ ನೋಡಿ ಬಂದ ಪ್ರವಾಸಿಯೊಬ್ಬ. ಮೊದಲನೆಯವನಿಗೆ ಭಾಗಮಂಡಲದ ಮಳೆಯ ಅಂಕಿಯೊಂದೇ ಸಾಕಾದೀತು. ಎರಡನೆಯವನಿಗೆ ಆ ಅಂಕಿ ಬರಿಯ ಅಂಕಿ. ಇಂತಿಷ್ಟು ಹೊತ್ತಿನಲ್ಲಿ ನೀನು ನಿಂತ ಈ ಬಂಡೆ ಮುಳುಗುವುದೆಂದು ಅವನಿಗೆ ಹೇಳಬೇಕು. ಸೂಚನೆಯನ್ನು ರಚಿಸುವ ಎಂಜಿನಿಯರನು ಮೊದಲು ಈ ಇಬ್ಬರೊಡನೆಯೂ ಮಾತನಾಡಿ, ಯಾವ ಮಾತಿಗೆ ಯಾರು ಎಷ್ಟು ಬೇಗ ಕದಲುತ್ತಾರೆಂಬುದನ್ನು ಒಂದು ಮುಂಗಾರಿನುದ್ದಕ್ಕೂ ಬರೆದಿಡಬೇಕಾಗುತ್ತದೆ.