ಕರ್ನಾಟಕ ಶಿಕ್ಷಕರ ಅರ್ಹತಾ ಪರೀಕ್ಷೆ

ಒಂದರಿಂದ ಎಂಟನೇ ತರಗತಿವರೆಗೆ ಪಾಠ ಮಾಡಲು ಬಯಸುವವರು ಡಿ.ಎಡ್ ಅಥವಾ ಬಿ.ಎಡ್ ಜೊತೆಗೆ ಪಾಸಾಗಬೇಕಾದ ಪರೀಕ್ಷೆ, ಆಡುಮಾತಿನಲ್ಲಿ ಟಿಇಟಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಶಿಕ್ಷಕರಿಗೆ ಕನಿಷ್ಠ ಅರ್ಹತೆ ಇರಬೇಕೆಂದಿತು. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು 2010ರ ಆಗಸ್ಟ್‌ನಲ್ಲಿ ಹೊರಡಿಸಿದ ಅಧಿಸೂಚನೆ ಆ ಅರ್ಹತೆಯಲ್ಲಿ ಈ ಪರೀಕ್ಷೆಯನ್ನೂ ಸೇರಿಸಿತು.

ಮೊದಲ ಪತ್ರಿಕೆ ಐದನೇ ತರಗತಿವರೆಗಿನ ಶಿಕ್ಷಕರಿಗೆ, ಎರಡನೆಯದು ಆರರಿಂದ ಎಂಟಕ್ಕೆ. ಎರಡರಲ್ಲೂ 150 ಬಹು ಆಯ್ಕೆ ಪ್ರಶ್ನೆ, 150 ಅಂಕ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಎರಡನೇ ಪತ್ರಿಕೆಯ 90 ಅಂಕ ಎರಡು ಭಾಷೆ ಮತ್ತು ಶಿಶು ವಿಕಸನಕ್ಕೇ ಹೋಗುತ್ತವೆ. ಉಳಿದ 60 ಅಂಕದಲ್ಲಿದೆ ವಿಷಯಜ್ಞಾನದ ನಿಜವಾದ ಪೇಚು. ಗಣಿತ ಮತ್ತು ವಿಜ್ಞಾನ ಒಂದೇ ಗುಂಪು; ಪಿಯುಸಿ ನಂತರ ಗಣಿತದ ಪುಸ್ತಕ ಮುಟ್ಟದ ಸಸ್ಯಶಾಸ್ತ್ರದ ಪದವೀಧರೆಯೂ ಬೀಜಗಣಿತದ ಲೆಕ್ಕ ಬಿಡಿಸಬೇಕು. ಇತಿಹಾಸ ಓದಿದವರಿಗೆ ಸಮಾಜ ವಿಜ್ಞಾನದಲ್ಲಿ ಭೂಗೋಳ ಎದುರಾಗುತ್ತದೆ. ಹಳ್ಳಿಯ ಶಾಲೆಯಲ್ಲಿ ಇವೆಲ್ಲವನ್ನೂ ಒಬ್ಬರೇ ಕಲಿಸುವುದುಂಟು ಎಂಬುದನ್ನು ನೆನೆದರೆ ಇದನ್ನು ಅನ್ಯಾಯ ಎನ್ನಲಾಗದು.

ಸಾಮಾನ್ಯ ವರ್ಗಕ್ಕೆ ಶೇ 60 ಅಂಕ ಬೇಕು. ಪರಿಶಿಷ್ಟ ಜಾತಿ, ಪಂಗಡ, ಪ್ರವರ್ಗ-1 ಮತ್ತು ಅಂಗವಿಕಲರಿಗೆ ಶೇ 55.

ಪಾಸಾದರೆ ನೌಕರಿ ಸಿಕ್ಕಂತಲ್ಲ. ಸರ್ಕಾರಿ ಹುದ್ದೆಗೆ ಬೇರೆಯದೇ ಸ್ಪರ್ಧಾತ್ಮಕ ಪರೀಕ್ಷೆ ಇದೆ. ಏಳು ವರ್ಷವಿದ್ದ ಪ್ರಮಾಣಪತ್ರದ ಅವಧಿಯನ್ನು 2021ರಲ್ಲಿ ಜೀವಮಾನಕ್ಕೆ ವಿಸ್ತರಿಸಲಾಯಿತು. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಸೇವೆ ಬಾಕಿಯಿರುವ ಹಳೆಯ ಶಿಕ್ಷಕರೂ ಎರಡು ವರ್ಷದೊಳಗೆ ಟಿಇಟಿ ಪಾಸಾಗಬೇಕೆಂದು ತೀರ್ಪಿತ್ತಿತು.