ಬಾರ್ಕೂರಿನ ಇತಿಹಾಸಕೃತಿಗಳು ಮತ್ತು ಡಿಜಿಟಲ್ ಕೃತಿಸ್ವಾಮ್ಯ

ಆಳುಪರ ರಾಜಧಾನಿಯೂ ವಿಜಯನಗರದ ಕಾಲದಲ್ಲಿ ಬಾರಕೂರು ರಾಜ್ಯದ ಆಡಳಿತ ಕೇಂದ್ರವೂ ಆಗಿದ್ದ ಬಾರ್ಕೂರಿನ ಇತಿಹಾಸಕ್ಕೆ ಶಾಸನಗಳೇ ಮುಖ್ಯ ಆಕರ. ಈ ಶಿಲಾಲೇಖಗಳಿಗೆ ಕೃತಿಸ್ವಾಮ್ಯದ ತೊಡಕಿಲ್ಲ. ಅವುಗಳಲ್ಲಿ ಹಲವದರ ಪಾಠಗಳನ್ನೊಳಗೊಂಡ ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಶನ್ಸ್’ ಏಳನೆಯ ಸಂಪುಟವು 1930ರ ದಶಕದ ಸರಕಾರಿ ಪ್ರಕಟಣೆ; ಅದರ ಕೃತಿಸ್ವಾಮ್ಯದ ಅವಧಿಯೂ ಮುಗಿದಿದೆ.

ಆದರೆ ಶಾಸನಗಳನ್ನು ಅರ್ಥೈಸಿದ ವಿದ್ವಾಂಸರ ಗ್ರಂಥಗಳ ಸ್ಥಿತಿ ಬೇರೆ. ಪಾದೂರು ಗುರುರಾಜ ಭಟ್ಟರ ‘ಸ್ಟಡೀಸ್ ಇನ್ ತುಳುವ ಹಿಸ್ಟರಿ ಅಂಡ್ ಕಲ್ಚರ್’ 1975ರಲ್ಲಿ ಪ್ರಕಟವಾಯಿತು. ಭಟ್ಟರು 1978ರಲ್ಲಿ ನಿಧನರಾದರು. 1957ರ ಕೃತಿಸ್ವಾಮ್ಯ ಅಧಿನಿಯಮದಂತೆ ಲೇಖಕರ ಮರಣದ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಉಳಿಯುವುದರಿಂದ ಈ ಗ್ರಂಥವು 2038ರ ಅಂತ್ಯದವರೆಗೆ ರಕ್ಷಿತವಾಗಿರುತ್ತದೆ.

2012ರ ತಿದ್ದುಪಡಿಯು ಲಾಭೋದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯವು ತನ್ನಲ್ಲಿರುವ ಮುದ್ರಿತ ಕೃತಿಯನ್ನು ಸಂರಕ್ಷಣೆಗಾಗಿ ವಿದ್ಯುನ್ಮಾನ ರೂಪದಲ್ಲಿ ಇರಿಸಿಕೊಳ್ಳಲು ಅವಕಾಶವಿತ್ತಿದೆ. ಅದನ್ನು ಅಂತರಜಾಲದಲ್ಲಿ ಎಲ್ಲರಿಗೂ ಒದಗಿಸಲು ಈ ಅವಕಾಶ ಸಾಲದು. ಹಕ್ಕುದಾರರ ಲಿಖಿತ ಒಪ್ಪಿಗೆ ಬೇಕು.

ದೂರದ ಸಂಶೋಧಕನಿಗೆ ಶಾಸನಪಾಠ ಸುಲಭವಾಗಿ ದೊರೆತು, ಅದನ್ನು ವಿವೇಚಿಸಿದ ಗ್ರಂಥ ದೊರೆಯದಿದ್ದರೆ ಅಧ್ಯಯನ ಅಪೂರ್ಣವಾಗುತ್ತದೆ. ಆದುದರಿಂದ ಗ್ರಂಥಾಲಯಗಳು ಅವಧಿ ಮುಗಿಯುವುದನ್ನು ಕಾಯದೆ, ಲೇಖಕರಿಂದ ಅಥವಾ ಅವರ ವಾರಸುದಾರರಿಂದ ಈಗಲೇ ಅನುಮತಿ ಕೋರುವುದು ಉಚಿತ. ಲೇಖಕರ ಹಕ್ಕೂ ಓದುಗರ ಅಗತ್ಯವೂ ಒಟ್ಟಿಗೆ ಉಳಿಯುವ ದಾರಿ ಅದೇ.