ಮಲ್ಲವಿನೋದ: ಯಾರ ವಿನೋದ?

ನವಲಗುಂದ ಸೀಮೆಯ ಮೊರಬದಂತಹ ಊರುಗಳು ಎರೆಭೂಮಿಯ ಊರುಗಳು. ಇಲ್ಲಿ ದಿನವಿಡೀ ಹೊಲದಲ್ಲಿ ದುಡಿದ ಮೈಗೆ ಬೇಕಾಗುವುದು ವಿಶ್ರಾಂತಿ. ಆದರೂ ಈ ಭಾಗದ ತರುಣರು ತಲೆಮಾರುಗಳ ಕಾಲ ಗರಡಿಮನೆಗೆ ಹೋಗಿ ದಂಡ, ಬೈಠಕ್ ಹೊಡೆದರು. ಕೆಮ್ಮಣ್ಣಿನಲ್ಲಿ ಕುಸ್ತಿ ಆಡಿದರು. ದಣಿದ ದೇಹಕ್ಕೆ ಮತ್ತಷ್ಟು ದಣಿವು ಏಕೆ ಬೇಕಿತ್ತು?

ಸುಮಾರು ಒಂಬೈನೂರು ವರ್ಷಗಳ ಹಿಂದೆ ಈ ಸೀಮೆ ಕಲ್ಯಾಣದ ಚಾಲುಕ್ಯರ ಆಳ್ವಿಕೆಯಲ್ಲಿತ್ತು. ಆ ವಂಶದ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥದಲ್ಲಿ ‘ಮಲ್ಲವಿನೋದ’ವೆಂಬ ಅಧ್ಯಾಯವಿದೆ. ಮಲ್ಲರನ್ನು ವಯಸ್ಸು, ಮೈಕಟ್ಟು, ಬಲಗಳಿಗೆ ತಕ್ಕಂತೆ ವಿಂಗಡಿಸುವ ಬಗೆ, ಅವರ ವ್ಯಾಯಾಮ, ಅರಸ ಒದಗಿಸಬೇಕಾದ ಬೇಳೆ, ಮಾಂಸ, ಹಾಲು, ಸಿಹಿತಿನಿಸು ಎಲ್ಲವೂ ಅದರಲ್ಲಿವೆ. ಆದರೆ ವಿನೋದ ಅರಸನದು, ಬೆವರು ಮಲ್ಲನದು. ಆಡುವವನಿಗೆ ಅದು ಉದ್ಯೋಗ.

ಅರಸರ ಆಶ್ರಯ ಆಮೇಲೂ ಮುಂದುವರಿಯಿತು. 1894ರಿಂದ 1922ರವರೆಗೆ ಕೊಲ್ಹಾಪುರವನ್ನು ಆಳಿದ ಶಾಹು ಮಹಾರಾಜರು ಕುಸ್ತಿಗೆ ದೊಡ್ಡ ಪೋಷಕರಾಗಿದ್ದರು. ಉತ್ತರ ಕರ್ನಾಟಕದ ಪೈಲ್ವಾನರೂ ಅಲ್ಲಿಯ ತಾಲೀಮುಗಳಿಗೆ ಹೋಗುತ್ತಿದ್ದರು. ಆದರೆ ಹಳ್ಳಿಯ ಗರಡಿಗೆ ಬಂದವರೆಲ್ಲ ಪೈಲ್ವಾನರಾಗಲು ಬಂದವರಲ್ಲ. ಅಲ್ಲಿ ವಿನೋದ ಆಡುವವನದೇ ಆಯಿತು.

ಈ ಸುಖದ ಸ್ವರೂಪವನ್ನು ಇಪ್ಪತ್ತನೆಯ ಶತಮಾನದ ಮನೋವಿಜ್ಞಾನ ವಿವರಿಸಿತು. ಮಿಹಾಯ್ ಚಿಕ್‌ಸೆಂಟ್‌ಮಿಹಾಯಿ (1934–2021) ಬಂಡೆ ಹತ್ತುವವರು, ಚದುರಂಗ ಆಡುವವರು ಮೊದಲಾದವರನ್ನು ಮಾತನಾಡಿಸಿ 1975ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಮೈಮರೆತು ಕೆಲಸದಲ್ಲಿ ಮುಳುಗುವ ಸ್ಥಿತಿಯನ್ನು ಅವರು ‘ಫ್ಲೋ’ ಎಂದು ಕರೆದರು; ನಮ್ಮ ‘ತನ್ಮಯತೆ’ ಅದಕ್ಕೆ ಹತ್ತಿರದ ಮಾತು. ಸವಾಲು ಶಕ್ತಿಗೆ ಮೀರಿದರೆ ಆತಂಕ, ತೀರ ಕಡಿಮೆಯಾದರೆ ಬೇಸರ. ಎರಡೂ ಸರಿತೂಗಿದಾಗ ತನ್ಮಯತೆ. ಗುರಿ ಸ್ಪಷ್ಟವಿರಬೇಕು, ಮಾಡಿದ್ದರ ಫಲ ಕೂಡಲೇ ತಿಳಿಯಬೇಕು.

ಗರಡಿಯಲ್ಲಿ ಇವೆಲ್ಲ ಇದ್ದವು. ಉಸ್ತಾದರು ಸರಿಜೋಡಿ ನೋಡಿ ಕುಸ್ತಿಗೆ ಬಿಡುತ್ತಿದ್ದರು. ಪಟ್ಟು ತಪ್ಪಿದ್ದು ಬೆನ್ನು ಮಣ್ಣಿಗೆ ತಾಗಿದೊಡನೆ ತಿಳಿಯುತ್ತಿತ್ತು. ಹೊಲದ ಕೆಲಸ ಮಳೆಯ, ಸಾಲದ, ಮನೆಯ ಒತ್ತಾಯದ್ದು. ಗರಡಿಯ ಶ್ರಮ ತಾನೇ ಆರಿಸಿಕೊಂಡದ್ದು. ಮೈಗೆ ಎರಡೂ ದಣಿವೇ, ಮನಸ್ಸಿಗೆ ಮಾತ್ರ ಬೇರೆ ಬೇರೆ.

ಹಾಗಾದರೆ ಬಹುಮಾನ? ಜಾತ್ರೆಯ ಕುಸ್ತಿಯಲ್ಲಿ ಗೆದ್ದವನಿಗೆ ಬೆಳ್ಳಿ ಕಡಗ ತೊಡಿಸುವುದು ನಮ್ಮಲ್ಲಿ ಹಳೆಯ ಪದ್ಧತಿ. ಬಹುಮಾನದ ಬಗ್ಗೆ ಅಮೆರಿಕದ ಎಡ್ವರ್ಡ್ ಡೆಸಿ 1971ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಎಚ್ಚರಿಕೆ ಹೇಳುತ್ತದೆ. ಒಗಟಿನ ಆಟಕ್ಕೆ ಹಣ ಪಡೆದ ವಿದ್ಯಾರ್ಥಿಗಳಲ್ಲಿ, ಹಣ ನಿಂತ ಮೇಲೆ, ಬಿಡುವಿನಲ್ಲಿ ಅದನ್ನು ಆಡುವ ಆಸಕ್ತಿ ತಗ್ಗಿತು. ಕಡಗಕ್ಕಾಗಿಯೇ ಆಡುವವನು ಕಡಗ ಸಿಗದಿದ್ದರೆ ಗರಡಿಯನ್ನೇ ಬಿಟ್ಟಾನು.

ಹಳ್ಳಿಗಳ ಗರಡಿಗಳು ಬಾಗಿಲು ಮುಚ್ಚುತ್ತಿವೆಯೆಂದು ಮರುಗುವಾಗ ನಾವು ಪದಕ ತಪ್ಪಿದ್ದನ್ನಷ್ಟೇ ಲೆಕ್ಕ ಹಾಕುತ್ತೇವೆ. ಯಾವ ಕಡಗವನ್ನೂ ಗೆಲ್ಲದೆ, ಒಂದು ತಾಸು ತನ್ನ ಖುಷಿಗೆ ಬೆವರು ಸುರಿಸಿ, ಹಗುರಾಗಿ ಮನೆಗೆ ಮರಳುತ್ತಿದ್ದವನ ನಷ್ಟವನ್ನೂ ಆ ಲೆಕ್ಕಕ್ಕೆ ಸೇರಿಸಬೇಕು.